ಮೊದಲು ಹೇಳಿ, ಕರೆಂಟು ಎಲ್ಲಿಂದ?

ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪ್ರಾಜೆಕ್ಟ್ ಒಪ್ಪಿಸುವ ತಿಂಗಳು ಬಂತೆಂದರೆ ನನ್ನ ಫೋನಿಗೆ ಬಿಡುವಿರುವುದಿಲ್ಲ. ಕೇಳುವವರು ಬೇರೆ ಬೇರೆ, ಪ್ರಶ್ನೆ ಒಂದೇ: “ಸರ್, ಇಎಸ್‌ಪಿ32 ತೆಗೆದುಕೊಳ್ಳಲೋ, ಪೈಕೊ ಡಬ್ಲ್ಯು ತೆಗೆದುಕೊಳ್ಳಲೋ?” ಎರಡೂ ವೈಫೈ ಇರುವ, ಪ್ರೋಗ್ರಾಂ ಬರೆದು ಸೆನ್ಸರು, ಬಲ್ಬುಗಳನ್ನು ನಡೆಸಬಹುದಾದ ಪುಟ್ಟ ಚಿಪ್ ಬೋರ್ಡುಗಳು. ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಯವರಂತೆ ನಾನೂ ಥಟ್ಟನೆ ಒಂದು ಹೆಸರು ಹೇಳಿ ಮುಗಿಸಬಹುದು. ಹಾಗೆ ಮಾಡದೆ, “ಕರೆಂಟು ಎಲ್ಲಿಂದ ಕೊಡುತ್ತೀರಿ?” ಎಂದು ಮರುಪ್ರಶ್ನೆ ಹಾಕುತ್ತೇನೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, “ಇಎಸ್‌ಪಿ32ರಲ್ಲಿ 240 ಮೆಗಾಹರ್ಟ್ಸ್ ಇದೆಯಲ್ಲ ಸರ್, ಪೈಕೊದಲ್ಲಿ 133 ಅಷ್ಟೇ” ಎಂಬ ಉತ್ತರ ಬರುತ್ತದೆ.

ಮೇಲಿನ ತೊಟ್ಟಿಯಲ್ಲಿ ನೀರೆಷ್ಟಿದೆ ಎಂದು ಹದಿನೈದು ನಿಮಿಷಕ್ಕೊಮ್ಮೆ ನೋಡಿ ಹೇಳುವ ಕೆಲಸಕ್ಕೆ 240 ಆದರೇನು, 24 ಆದರೇನು? ಹವ್ಯಾಸಿಗಳ ಪ್ರಾಜೆಕ್ಟುಗಳಲ್ಲಿ ಚಿಪ್ಪಿಗೆ ವೇಗ ಸಾಲದೆ ಕೆಲಸ ನಿಂತದ್ದನ್ನು ನಾನು ನೋಡಿದ್ದು ತೀರ ಅಪರೂಪ. ವಿದ್ಯುತ್ ಸಾಲದೆ, ರೇಡಿಯೊ ತಲುಪದೆ ನಿಂತವಕ್ಕೆ ಲೆಕ್ಕವಿಲ್ಲ. ಆ ಪಟ್ಟಿಯಲ್ಲಿ ನನ್ನದೂ ಒಂದಿದೆ.

ತೀರ್ಥಹಳ್ಳಿ ಕಡೆ ನಮ್ಮ ಸೋದರಮಾವನ ಅಡಿಕೆ ತೋಟ. ಮನೆಯ ಹಿತ್ತಿಲಿಗೆ ಅಂಟಿದ ಸಾಲಿನಲ್ಲಿ ಮಣ್ಣಿನ ತೇವ ಅಳೆಯುವ ಪೆಟ್ಟಿಗೆಯೊಂದನ್ನು ನೆಟ್ಟು ಬಂದೆ. ಒಳಗೆ ಇಎಸ್‌ಪಿ32ರ ಮಾಮೂಲಿ ಬೋರ್ಡು, 2600 ಮಿಲಿಆಂಪ್-ಗಂಟೆಯ ಒಂದು 18650 ಲಿಥಿಯಂ ಸೆಲ್. ಸೆಲ್ಲಿನ ತಂತಿಯನ್ನು ಬೋರ್ಡಿನ 5 ವೋಲ್ಟ್ ಪಿನ್ನಿಗೆ ಕೊಟ್ಟಿದ್ದೆ. ಎಂಟು ತಿಂಗಳು ಬರುತ್ತದೆ ಎಂದು ಮಾವನಿಗೆ ಧೈರ್ಯವಾಗಿ ಹೇಳಿ ಬೆಂಗಳೂರಿಗೆ ಮರಳಿದೆ. ಹತ್ತನೆಯ ದಿನ ಫೋನ್ ಬಂತು. “ನಿನ್ನ ಪೆಟ್ಟಿಗೆ ಮಲಗಿಬಿಟ್ಟಿದೆಯಲ್ಲ ಮಾರಾಯ!”

ಎಂಟು ತಿಂಗಳ ಲೆಕ್ಕವೇನೂ ಗಾಳಿಯಲ್ಲಿ ಹಾಕಿದ್ದಲ್ಲ. ಪ್ರತಿ ಸಲ ಎಚ್ಚೆತ್ತು, ರೌಟರ್ ಹುಡುಕಿ, ವಿಳಾಸ ಪಡೆದು, ಅಂಕಿ ಕಳಿಸಿ ಮಲಗಲು ಸುಮಾರು 4 ಸೆಕೆಂಡು. ಆ ಹೊತ್ತಿನಲ್ಲಿ ಸರಾಸರಿ 100 ಮಿಲಿಆಂಪ್ ಎಂದಿಟ್ಟುಕೊಂಡಿದ್ದೆ. ಹದಿನೈದು ನಿಮಿಷಕ್ಕೊಮ್ಮೆ ಎಂದರೆ ದಿನಕ್ಕೆ 96 ಸಲ, ಒಟ್ಟು 11 ಮಿಲಿಆಂಪ್-ಗಂಟೆ. ಉಳಿದ ಹೊತ್ತು ಡೀಪ್ ಸ್ಲೀಪ್, ಅಂದರೆ ಚಿಪ್ಪಿನ ಗಾಢನಿದ್ರೆ. ಆಗ ಇಎಸ್‌ಪಿ32 ಕುಡಿಯುವುದು 10 ಮೈಕ್ರೊಆಂಪ್ ಆಸುಪಾಸು, ಅದು ಲೆಕ್ಕಕ್ಕೇ ಬಾರದು. 2600ನ್ನು 11ರಿಂದ ಭಾಗಿಸಿದರೆ 236 ದಿನ.

ನಾನು ಮರೆತದ್ದು, ಮಲಗುವುದು ಚಿಪ್ ಮಾತ್ರ, ಬೋರ್ಡು ಮಲಗುವುದಿಲ್ಲ ಎಂಬುದನ್ನು. ಅಗ್ಗದ ಬೋರ್ಡುಗಳಲ್ಲಿ 5 ವೋಲ್ಟನ್ನು 3.3ಕ್ಕೆ ಇಳಿಸಲು ಸಾಮಾನ್ಯವಾಗಿ ಎಎಂಎಸ್1117 ಎಂಬ ರೆಗ್ಯುಲೇಟರ್ ಇರುತ್ತದೆ. ಯಾವ ಕೆಲಸವಿಲ್ಲದಿದ್ದರೂ ಅದು ತನ್ನ ಪಾಲಿಗೆ 5 ಮಿಲಿಆಂಪ್ ನುಂಗುತ್ತದೆ. ಹಗಲಿರುಳು ಉರಿಯುವ ಕೆಂಪು ಎಲ್‌ಇಡಿಗೆ ಇನ್ನೊಂದು. ಇವೆರಡರ ದಿನದ ಖರ್ಚೇ 144 ಮಿಲಿಆಂಪ್-ಗಂಟೆ! ವೈಫೈ ಕುಡಿಯುವುದರ ಹದಿಮೂರು ಪಟ್ಟು. ಸಾಲದ್ದಕ್ಕೆ, ಆ ರೆಗ್ಯುಲೇಟರ್ 3.3 ವೋಲ್ಟ್ ಕೊಡಬೇಕಾದರೆ ಒಳಬರುವುದು ಅದಕ್ಕಿಂತ ಒಂದು ವೋಲ್ಟಿಗೂ ಹೆಚ್ಚಿರಬೇಕು. ಲಿಥಿಯಂ ಸೆಲ್ ಪೂರ್ತಿ ತುಂಬಿದಾಗಲೇ 4.2 ವೋಲ್ಟ್, 3.7ಕ್ಕೆ ಇಳಿಯುವ ಹೊತ್ತಿಗೆ ಚಿಪ್ಪಿಗೆ ಸಿಗುತ್ತಿದ್ದದ್ದು ಎರಡೂವರೆ ಚಿಲ್ಲರೆ. ಹೀಗಾಗಿ ಸೆಲ್ಲಿನಲ್ಲಿ ಇನ್ನೂ ಜೀವವಿದ್ದರೂ ಪೆಟ್ಟಿಗೆ ಸತ್ತಿತ್ತು. ಬೈಗುಳ ತಿಂದದ್ದು ಮಾತ್ರ ಪಾಪದ ಇಎಸ್‌ಪಿ32.

ಎರಡನೆಯ ಸಲ ಬೋರ್ಡು ಬಿಟ್ಟು, ತಗಡಿನ ಮುಚ್ಚಳವಿರುವ ಬರಿಯ ಮಾಡ್ಯೂಲ್ ತಂದೆ. ಅದನ್ನು ಲಿಥಿಯಂ ಐರನ್ ಫಾಸ್ಫೇಟ್ ಸೆಲ್ಲಿಗೆ ನೇರವಾಗಿ ಬೆಸುಗೆ ಹಾಕಿದೆ. ಆ ಸೆಲ್ 3.2 ವೋಲ್ಟಿನದು, ತುಂಬಿದಾಗ 3.6, ಚಿಪ್ ತಡೆಯುವ ಮಿತಿಯೂ 3.6. ನಡುವೆ ರೆಗ್ಯುಲೇಟರಿನ ಗೊಡವೆಯೇ ಇಲ್ಲ. ಪಕ್ಕದಲ್ಲಿ, ಕ್ಷಣದ ಎಳೆತಕ್ಕೆ ಒದಗಲೆಂದು ಸ್ವಲ್ಪ ವಿದ್ಯುತ್ ಕೂಡಿಡುವ ಒಂದು 470 ಮೈಕ್ರೊಫ್ಯಾರಡ್ ಕೆಪಾಸಿಟರ್ ಕೂರಿಸಿದೆ. ವೈಫೈ ಹೊರಡಿಸುವ ಕ್ಷಣದಲ್ಲಿ ಈ ಚಿಪ್ 240 ಮಿಲಿಆಂಪ್‌ವರೆಗೆ ಎಳೆಯುತ್ತದೆ. ಆ ಎಳೆತಕ್ಕೆ ವೋಲ್ಟೇಜ್ ಕುಸಿದರೆ ಚಿಪ್ ತಾನಾಗಿ ರೀಸೆಟ್ ಆಗುತ್ತದೆ. “ಪ್ರೋಗ್ರಾಂ ಸರಿಯಿದೆ, ವೈಫೈ ಆನ್ ಮಾಡಿದ ಕೂಡಲೇ ಮತ್ತೆ ಮೊದಲಿನಿಂದ ಶುರುವಾಗುತ್ತದೆ” ಎಂದು ಅಳಲು ತೋಡಿಕೊಳ್ಳುವವರಿಗೆ ನಾನು ಮೊದಲು ಹೇಳುವುದು ಯುಎಸ್‌ಬಿ ಕೇಬಲ್ ಬದಲಿಸಿ ಎಂದು. ತೆಳ್ಳನೆಯ ಕೇಬಲಿನಲ್ಲೂ ವೋಲ್ಟೇಜ್ ಹೀಗೇ ಕುಸಿಯುತ್ತದೆ. ಅರ್ಧಕ್ಕರ್ಧ ಜನ ಮರಳಿ ಫೋನ್ ಮಾಡುವುದಿಲ್ಲ.

ಈಗ ಚಿಪ್ಪುಗಳ ಮಾತಿಗೆ ಬರೋಣ. ಈ ಬಯಲಾಟದ ಮೊದಲ ವೇಷ ಇಎಸ್‌ಪಿ8266. ಶಾಂಘೈನ ಎಸ್ಪ್ರೆಸಿಫ್ ಕಂಪನಿಯ ಈ ಚಿಪ್ 2014ರಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಇಎಸ್‌ಪಿ-01 ಮಾಡ್ಯೂಲಿನಲ್ಲಿ ಬಂದಾಗ ಅದರ ಕೈಪಿಡಿ ಚೀನೀ ಭಾಷೆಯಲ್ಲಿತ್ತು. ಹವ್ಯಾಸಿಗಳೇ ಕೂತು ಇಂಗ್ಲಿಷಿಗೆ ತಂದರು. ಹವ್ಯಾಸಿಗಳ ಅಚ್ಚುಮೆಚ್ಚಿನ ಬೋರ್ಡಾದ ಆರ್ಡುಯಿನೊಗೆ ವೈಫೈ ಕೊಡುವ ಪರಿಕರವಾಗಿ ಮಾರಾಟಕ್ಕೆ ಬಂದದ್ದು, ಅದೇ ವರ್ಷ ನೇರವಾಗಿ ಅದಕ್ಕೇ ಪ್ರೋಗ್ರಾಂ ಬರೆಯಬಹುದೆಂದು ಗೊತ್ತಾದ ಮೇಲೆ ಆರ್ಡುಯಿನೊವನ್ನೇ ಮೂಲೆಗೆ ತಳ್ಳಿತು. ಗೋಡೆಯ ಸಾಕೆಟ್ಟಿನಿಂದ ಕರೆಂಟು, ಚಿಪ್ಪಿನ ಮಾತು ಕೇಳುವ ಸ್ವಿಚ್ಚಾದ ಒಂದು ರಿಲೇ, ಒಂದು ಬಲ್ಬು ಎಂದಾದರೆ ಇಂದಿಗೂ ನಾನು ಇದಕ್ಕೆ ಅಡ್ಡಿ ಹೇಳುವುದಿಲ್ಲ. ಏರಿಳಿಯುವ ವೋಲ್ಟೇಜನ್ನು ಓದುವ ಅನಲಾಗ್ ಪಿನ್ ಒಂದೇ ಒಂದು ಎಂಬುದು ನೆನಪಿರಲಿ. ಎರಡು ಸೆನ್ಸರ್ ಬಂದರೆ ಪೇಚಾಟ ಶುರು.

2016ರಲ್ಲಿ ಬಂದ ಇಎಸ್‌ಪಿ32 ಆ ಕೊರತೆಗಳನ್ನೆಲ್ಲ ತುಂಬಿತು: ಎರಡು ಕೋರ್, 520 ಕಿಲೋಬೈಟ್ ಮೆಮೊರಿ, ಬ್ಲೂಟೂತ್. ಆದರೆ ಇಲ್ಲಿ ಅಂಗಡಿಯಲ್ಲೇ ಎಡವುವವರಿದ್ದಾರೆ. ಇಎಸ್‌ಪಿ32 ಎಂಬುದು ಈಗ ಒಂದು ಚಿಪ್ಪಿನ ಹೆಸರಲ್ಲ, ಒಂದು ಕುಟುಂಬದ ಹೆಸರು. ಎಸ್2ನಲ್ಲಿ ಬ್ಲೂಟೂತ್ ಇಲ್ಲವೇ ಇಲ್ಲ. ಎಸ್3, ಸಿ3ಗಳಲ್ಲಿ ಇರುವುದು ಲೋ ಎನರ್ಜಿ ಬ್ಲೂಟೂತ್ ಮಾತ್ರ. ಮೊಬೈಲಿನಿಂದ ಹಾಡು ಹರಿಸುವ ಹಳೆಯ ಮಾದರಿಯ ಬ್ಲೂಟೂತ್ ಮೂಲ ಇಎಸ್‌ಪಿ32ರಲ್ಲಿದೆ. ಸ್ಪೀಕರ್ ಮಾಡಲು ಹೊರಟ ಹುಡುಗನೊಬ್ಬ ಹೊಸದೇ ಒಳ್ಳೆಯದೆಂದು ದುಬಾರಿ ಎಸ್3 ತಂದು, ವಾರಪೂರ್ತಿ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತಿದ್ದ. ತಪ್ಪು ಚೀಲದಲ್ಲೇ ಬಂದಿತ್ತು. ಮೂಲ ಚಿಪ್ಪಿಗೂ ಅದರದ್ದೇ ಚೇಷ್ಟೆಗಳಿವೆ. ವೈಫೈ ಓಡುತ್ತಿರುವಾಗ ಎಡಿಸಿ2 ಗುಂಪಿನ ಅನಲಾಗ್ ಪಿನ್ನುಗಳನ್ನು ನೆಚ್ಚುವಂತಿಲ್ಲ. ತೇವದ ಸೆನ್ಸರನ್ನು 32ರಿಂದ 39ರ ನಡುವಿನ ಪಿನ್ನಿಗೇ ಹಾಕಿ. ಅವುಗಳಲ್ಲಿ 34ರಿಂದ ಮುಂದಿನವು ಕೇಳುತ್ತವೆ, ಮಾತಾಡುವುದಿಲ್ಲ. ಅಲ್ಲಿಗೆ ಎಲ್‌ಇಡಿ ಜೋಡಿಸಿ ಕಾಯುತ್ತ ಕೂರಬೇಡಿ.

ಹೊಸದಾಗಿ ಕಲಿಯುವವರು ಚಿಕ್ಕದೊಂದು ಬೋರ್ಡು ಕೇಳಿದರೆ ನಾನು ಸಿ3 ಹೇಳುತ್ತೇನೆ. ಒಂದೇ ಕೋರ್, 160 ಮೆಗಾಹರ್ಟ್ಸ್. ಡೀಪ್ ಸ್ಲೀಪ್‌ನಲ್ಲಿ 5 ಮೈಕ್ರೊಆಂಪ್.

ರಾಸ್ಪ್‌ಬೆರಿ ಪೈ ಕಂಪನಿಯ ಪೈಕೊ ಡಬ್ಲ್ಯು 2022ರಲ್ಲಿ 6 ಡಾಲರಿಗೆ ಬಂತು. ಅದರ ಕೈಪಿಡಿಗಳಷ್ಟು ಶುಚಿಯಾಗಿ ಬರೆದವು ಈ ಲೋಕದಲ್ಲಿ ಕಡಿಮೆ. ಪೈಥಾನ್ ಪ್ರೋಗ್ರಾಮಿಂಗ್ ಕಲಿಯುವ ಮಕ್ಕಳಿಗೆ ನಾನು ಕಣ್ಣು ಮುಚ್ಚಿ ಕೊಡಿಸುತ್ತೇನೆ. 1.8ರಿಂದ 5.5 ವೋಲ್ಟ್‌ವರೆಗೆ ಏನು ಕೊಟ್ಟರೂ ಒಪ್ಪಿಕೊಳ್ಳುವ ವಿದ್ಯುತ್ ವ್ಯವಸ್ಥೆ ಬೋರ್ಡಿನಲ್ಲೇ ಇದೆ. ನನ್ನ ಮಾವನ ತೋಟದಲ್ಲಿ ಇದನ್ನು ಇಟ್ಟಿದ್ದರೆ ವೋಲ್ಟೇಜಿನ ಮುಜುಗರವಾದರೂ ತಪ್ಪುತ್ತಿತ್ತು. ಆದರೆ ನಿದ್ರೆಯ ವಿಷಯದಲ್ಲಿ ಇದು ಕೋಳಿನಿದ್ರೆಯ ಜಾತಿ. ಆರ್‌ಪಿ2040 ಚಿಪ್ಪಿನ ಈ ಬೋರ್ಡು ಎಷ್ಟೇ ಮಲಗಿಸಿದರೂ ಮಿಲಿಆಂಪಿನ ಲೆಕ್ಕದಿಂದ ಬಹಳ ಕೆಳಗಿಳಿಯುವುದಿಲ್ಲ. ಬ್ಯಾಟರಿಯ ಮೇಲೆ ತಿಂಗಳುಗಟ್ಟಲೆ ಬಾಳಬೇಕಾದ ಕೆಲಸಕ್ಕೆ ಅದು ಹೊಂದದು.

ಗುಂಡಿ ಸೆಲ್ ಮೇಲೆಯೇ ವರ್ಷ ಕಳೆಯಬೇಕೆಂದರೆ ವೈಫೈಯನ್ನು ಮರೆತುಬಿಡಿ. ಸಿಆರ್2032 ಸೆಲ್ಲಿನಲ್ಲಿ ಇರುವುದೇ 220 ಮಿಲಿಆಂಪ್-ಗಂಟೆಯಷ್ಟು. ವೈಫೈ ಎಳೆಯುವ ಭರಕ್ಕೆ ಅದು ಮೊದಲ ಕ್ಷಣದಲ್ಲೇ ಕುಸಿಯುತ್ತದೆ. ಅಲ್ಲಿಗೆ ನಾರ್ವೆಯ ನಾರ್ಡಿಕ್ ಕಂಪನಿಯ ಎನ್‌ಆರ್‌ಎಫ್52840 ತಕ್ಕದ್ದು. 64 ಮೆಗಾಹರ್ಟ್ಸ್ ಎಂದು ಹುಡುಗರು ಮೂಗು ಮುರಿಯುವ ಈ ಚಿಪ್, ಬ್ಲೂಟೂತ್‌ನಲ್ಲಿ ಮಾತಾಡುವಾಗ 5 ಮಿಲಿಆಂಪ್ ಆಸುಪಾಸಿನಲ್ಲಿ ಕೆಲಸ ಮುಗಿಸುತ್ತದೆ. ಸರಾಸರಿ 15 ಮೈಕ್ರೊಆಂಪಿಗೆ ತಂದು ನಿಲ್ಲಿಸಿದರೆ ಗುಂಡಿ ಸೆಲ್ ಒಂದೂವರೆ ವರ್ಷ ಬರುತ್ತದೆ. ಬೆಲೆ ಹೆಚ್ಚು, ಕಲಿಯುವ ದಾರಿ ಕಡಿದು. ಮೊದಲ ಪ್ರಾಜೆಕ್ಟಿಗೆ ಬೇಡ.

ಮಾವನ ಪೆಟ್ಟಿಗೆ ಈ ಸಲ ಮಲಗಲಿಲ್ಲ. ಬದಲಿಗೆ ಮಾವನ ಆಸೆ ಬೆಳೆಯಿತು. ತೋಟದ ಕೆಳತುದಿಯಲ್ಲಿ, ಹಳ್ಳದ ಬದಿಗೆ ಇನ್ನೊಂದು ಬೇಕೆಂದರು. ಮನೆಯಿಂದ ನಾನೂರು ಮೀಟರ್. ನಡುವೆ ಅಡಿಕೆ, ಬಾಳೆ, ಮೆಣಸಿನ ಬಳ್ಳಿ. ಈ ಚಿಪ್ಪುಗಳ ವೈಫೈ 2.4 ಗಿಗಾಹರ್ಟ್ಸಿನದು. ಒದ್ದೆ ಎಲೆಗಳ ನಡುವೆ ಅದು ಬೇಗ ಸೋಲುತ್ತದೆ, ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಇಲ್ಲಿ ಯಾವ ಇಎಸ್‌ಪಿ32 ಎಂಬ ಪ್ರಶ್ನೆಯೇ ಅಲ್ಲ, ರೇಡಿಯೊವನ್ನೇ ಬದಲಿಸಬೇಕು. ಲೋರಾ ಮಾಡ್ಯೂಲ್ ಹಾಕಿದೆ. ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದ 865–868 ಮೆಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಅದು ನಿಧಾನವಾಗಿ, ಆದರೆ ದೂರಕ್ಕೆ ಮಾತಾಡುತ್ತದೆ. ಕೊಳ್ಳುವಾಗ 868 ಎಂದು ಬರೆದದ್ದನ್ನು ತಂದು ಪ್ರೋಗ್ರಾಮಿನಲ್ಲಿ 866ಕ್ಕೆ ಹೊಂದಿಸಿಕೊಳ್ಳಿ. ಆಂಟೆನಾ ಸಿಕ್ಕಿಸದೆ ಮಾತ್ರ ಎಂದೂ ಆನ್ ಮಾಡಬೇಡಿ. ಹೊರಡಬೇಕಾದ ಶಕ್ತಿ ಹಿಂದಕ್ಕೆ ಬಡಿದು ಚಿಪ್ಪನ್ನೇ ಕೆಡಿಸೀತು.

ಹಳ್ಳದ ಬದಿಯ ಪೆಟ್ಟಿಗೆ ಕಳಿಸುವ ಅಂಕಿಗಳನ್ನು ಮನೆಯಲ್ಲಿ ಕೇಳಿಸಿಕೊಂಡು ಇಂಟರ್ನೆಟ್ಟಿಗೆ ಏರಿಸಲು, ನನ್ನ ಡಬ್ಬಿಯಲ್ಲಿ ಬಿದ್ದಿದ್ದ ಹಳೆಯ ಇಎಸ್‌ಪಿ8266ಕ್ಕೆ ಇನ್ನೊಂದು ಲೋರಾ ಮಾಡ್ಯೂಲ್ ಜೋಡಿಸಿ ಗೋಡೆಯ ಸಾಕೆಟ್ಟಿಗೆ ಚುಚ್ಚಿ ಬಂದೆ. ಅದಕ್ಕೆ ಬ್ಯಾಟರಿಯ ಚಿಂತೆ ಇಲ್ಲವಲ್ಲ ಎಂದು ನೆಮ್ಮದಿಯಾಗಿದ್ದೆ. ಆಷಾಢದಲ್ಲಿ ಅಂಕಿಗಳು ಬರುವುದು ಮತ್ತೆ ನಿಂತವು. ಮಾವನಿಗೆ ಫೋನ್ ಮಾಡಿದರೆ, ಪೆಟ್ಟಿಗೆಯ ಸೆಲ್ ಗಟ್ಟಿಯಾಗಿದೆ, ದೀಪ ಮಿಣುಕುತ್ತಿದೆ, ಎಲ್ಲ ಸರಿಯಿದೆ ಎಂದರು. ಮರ ಬಿದ್ದು ಮೂರು ದಿನದಿಂದ ಊರಿಗೇ ಕರೆಂಟಿಲ್ಲವಂತೆ. ರೌಟರಿಗೊಂದು ಸಣ್ಣ ಯುಪಿಎಸ್ ಕೊಂಡು ಮುಂದಿನ ಬಸ್ಸಿಗೆ ಹಾಕಿ ಕಳಿಸಿದೆ.