ಮೋಟೆಡ್ ಮ್ಯಾನರ್ ಹೌಸ್: ಕಂದಕದ ನಡುವಿನ ಮನೆ

ಇಂಗ್ಲೆಂಡಿನಲ್ಲಿ ಒಬ್ಬ ಭೂಮಾಲೀಕನ ಜಮೀನು, ಅಲ್ಲಿ ಉಳುವ ಒಕ್ಕಲು, ಅವರ ಮೇಲೆ ಅವನಿಗಿದ್ದ ಹಕ್ಕು, ಇವೆಲ್ಲ ಸೇರಿದ್ದಕ್ಕೆ ಮ್ಯಾನರ್ ಅನ್ನುತ್ತಿದ್ದರು. ಆ ಮಾಲೀಕ ಇದ್ದ ಮನೆ ಮ್ಯಾನರ್ ಹೌಸ್. ಗೇಣಿ ಬಂದು ಸೇರುತ್ತಿದ್ದದ್ದು, ಊರಿನ ತಕರಾರು ತೀರುತ್ತಿದ್ದದ್ದು ಹೆಚ್ಚಾಗಿ ಅಲ್ಲೇ. ಆ ಮನೆಯ ಸುತ್ತ ನೀರು ತುಂಬಿದ ಕಂದಕ, ಅಂದರೆ ಮೋಟ್ ಇದ್ದರೆ ಅದು ಮೋಟೆಡ್ ಮ್ಯಾನರ್ ಹೌಸ್.

ಇಂಥ ಮನೆಗಳಲ್ಲಿ ಇದ್ದವರು ಹೆಚ್ಚಾಗಿ ಜೆಂಟ್ರಿ ಕುಟುಂಬಗಳು. ಇವರು ಡ್ಯೂಕ್, ಅರ್ಲ್‌ಗಳಷ್ಟು ದೊಡ್ಡವರಲ್ಲ. ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಇವರಿಗೆ ಜಾಗ ಇರಲಿಲ್ಲ. ಆದರೆ ಸ್ವಂತ ಜಮೀನಿತ್ತು, ಗೇಣಿಯಲ್ಲೇ ಜೀವನ ನಡೆಯುತ್ತಿತ್ತು, ಸುತ್ತಲ ಹಳ್ಳಿಗಳಲ್ಲಿ ಇವರ ಮಾತಿಗೆ ಬೆಲೆಯಿತ್ತು.

ಕಂದಕ ಅಂದ ಕೂಡಲೇ ನಮಗೆ ಕೋಟೆ, ಮುತ್ತಿಗೆ ನೆನಪಾಗುತ್ತದೆ, ಅಲ್ವಾ? ಇಲ್ಲಿ ಲೆಕ್ಕ ಬೇರೆ. ಇಂಗ್ಲೆಂಡಿನಲ್ಲಿ ಇಂಥ ಕಂದಕಗಳು ಸಾವಿರಾರು ಇವೆ. ಹೆಚ್ಚಿನವನ್ನು ತೋಡಿದ್ದು 1250ರಿಂದ 1350ರ ಆಸುಪಾಸಿನಲ್ಲಿ, ಅದೂ ನೀರು ಇಂಗದ ಜೇಡಿಮಣ್ಣಿನ ಸೀಮೆಯಲ್ಲಿ. ಕಳ್ಳರು ಸುಲಭವಾಗಿ ಒಳಗೆ ಬರುತ್ತಿರಲಿಲ್ಲ, ಮೀನು ಸಾಕಬಹುದಿತ್ತು, ಬೆಂಕಿ ಬಿದ್ದರೆ ನೀರು ಕೈಯಳತೆಯಲ್ಲೇ ಇರುತ್ತಿತ್ತು. ಎಲ್ಲಕ್ಕಿಂತ ಜಾಸ್ತಿ, ಇದು ಅಂತಸ್ತಿನ ವಿಷಯ. ದೊಡ್ಡ ದೊರೆಗಳ ಕೋಟೆಗೆ ಕಂದಕ ಇದ್ದರೆ ನಮ್ಮ ಮನೆಗೂ ಇರಲಿ ಅನ್ನುವ ಹಂಬಲ.

ನಾರ್ಫೋಕ್‌ನ ಆಕ್ಸ್‌ಬರೋ ಹಾಲ್ ನೋಡಿದರೆ ಇದು ಚೆನ್ನಾಗಿ ತಿಳಿಯುತ್ತದೆ. ಎಡ್ಮಂಡ್ ಬೆಡಿಂಗ್‌ಫೀಲ್ಡ್ 1482ರಲ್ಲಿ ನಾಲ್ಕನೇ ಎಡ್ವರ್ಡ್ ದೊರೆಯಿಂದ ಮನೆಗೆ ಕೋಟೆಯಂಥ ತೆನೆಗಳನ್ನು, ಅಂದರೆ ಗೋಡೆಯ ತುದಿಯಲ್ಲಿ ಹಲ್ಲಿನಂತೆ ಕಾಣುವ ಸಾಲನ್ನು ಕಟ್ಟಲು ಪರವಾನಗಿ ಪಡೆದರು. ಹೌದು, ಅದಕ್ಕೂ ದೊರೆಯ ಅಪ್ಪಣೆ ಬೇಕಿತ್ತು. ಕೆಂಪು ಇಟ್ಟಿಗೆಯ ಹೆಬ್ಬಾಗಿಲ ಗೋಪುರ ಕಂದಕದ ನೀರಿನಿಂದಲೇ ನೇರವಾಗಿ ಎದ್ದು ನಿಂತಿದೆ. ಮೇಲೆ ತೆನೆಗಳು, ಆದರೆ ಗೋಡೆಯಲ್ಲಿ ದೊಡ್ಡ ದೊಡ್ಡ ಕಿಟಕಿಗಳು. ನಿಜವಾಗಿ ಯುದ್ಧಕ್ಕೆ ಹೆದರಿದವರು ಅಂಥ ಕಿಟಕಿ ಇಡುತ್ತಾರೆಯೇ? 1487ರಲ್ಲಿ ಏಳನೇ ಹೆನ್ರಿ ದೊರೆಯೇ ಇಲ್ಲಿಗೆ ಅತಿಥಿಯಾಗಿ ಬಂದ. ಬೆಡಿಂಗ್‌ಫೀಲ್ಡ್‌ಗಳಿಗೆ ಬೇಕಿದ್ದ ಮರ್ಯಾದೆ ಸಿಕ್ಕಿತು.

ಮುಂದೆ ಅಪಾಯ ಬಂತು, ಆದರೆ ಕಂದಕ ತಡೆಯುವಂಥ ಅಪಾಯವಲ್ಲ. ದೇಶ ಪ್ರಾಟೆಸ್ಟೆಂಟ್ ಆಯಿತು, ಈ ಮನೆಯವರು ಕ್ಯಾಥೊಲಿಕ್ ಆಗಿಯೇ ಉಳಿದರು. ಕ್ಯಾಥೊಲಿಕ್ ಆಗಿದ್ದ ರಾಣಿ ಮೇರಿಯ ಕಾಲದಲ್ಲಿ ಹೆನ್ರಿ ಬೆಡಿಂಗ್‌ಫೀಲ್ಡ್ ಸೆರೆಯಲ್ಲಿದ್ದ ರಾಜಕುಮಾರಿ ಎಲಿಜಬೆತ್‌ಗೆ ಕಾವಲಿದ್ದರು. ಪ್ರಾಟೆಸ್ಟೆಂಟ್ ಆಗಿದ್ದ ಅದೇ ಎಲಿಜಬೆತ್ ರಾಣಿಯಾದ ಮೇಲೆ ಕ್ಯಾಥೊಲಿಕ್ ಪಾದ್ರಿಗಳನ್ನು ಹುಡುಕಿ ಹಿಡಿಯುವ ಕಾಲ ಬಂತು. ಆಕ್ಸ್‌ಬರೋದಲ್ಲಿ ಪಾದ್ರಿ ಅಡಗುವ ಒಂದು ಗೂಡು ಈಗಲೂ ಇದೆ. ಅದರ ಮುಚ್ಚಳಕ್ಕೂ ನೆಲಕ್ಕೆ ಹಾಸಿದ ಬಿಲ್ಲೆಗಳನ್ನೇ ಕೂರಿಸಿದ್ದಾರೆ. ಮುಚ್ಚಿದರೆ ಬರೀ ನೆಲ, ಬಾಗಿಲಿದೆ ಅಂತ ಗೊತ್ತೇ ಆಗುವುದಿಲ್ಲ. ಎತ್ತಿದರೆ ಕೆಳಗೆ ಒಬ್ಬ ಮನುಷ್ಯ ಇಳಿದು ಕೂರುವಷ್ಟು ಇಕ್ಕಟ್ಟಾದ ಜಾಗ. ಅಲ್ಲಿ ಉಸಿರು ಬಿಗಿಹಿಡಿದು, ತಲೆ ಮೇಲೆ ಸೈನಿಕರ ಹೆಜ್ಜೆ ಸಪ್ಪಳ ಕೇಳುತ್ತಾ ಕೂರುವುದು ಎಂಥ ನರಕ! ಈ ಮನೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಈ ಗೂಡೇ.

2020ರಲ್ಲಿ ಸೂರಿನ ರಿಪೇರಿ ನಡೆದಾಗ ಅಟ್ಟದಲ್ಲಿ ಇನ್ನಷ್ಟು ಸಿಕ್ಕಿತು. 15ನೇ ಶತಮಾನದ ಪ್ರಾರ್ಥನಾ ಗ್ರಂಥದ ಒಂದು ಚರ್ಮದ ಹಾಳೆ, ನೀಲಿ ಮತ್ತು ಚಿನ್ನದ ಬಣ್ಣ ಇನ್ನೂ ಮಾಸಿರಲಿಲ್ಲ. ಇಲಿಗಳು ಗೂಡಿಗೆ ಎಳೆದೊಯ್ದಿದ್ದ ಹಳೇ ಬಟ್ಟೆಯ ಚೂರುಗಳೂ ಹಾಗೇ ಇದ್ದವು.

20ನೇ ಶತಮಾನದಲ್ಲಿ ತೆರಿಗೆ, ರಿಪೇರಿ ಖರ್ಚು ತಾಳಲಾರದೆ ಇಂಥ ಎಷ್ಟೋ ಮನೆಗಳು ನೆಲಸಮವಾದವು. ಆಕ್ಸ್‌ಬರೋ ಕೂಡ ಮಾರಾಟವಾಗಿತ್ತು. ಕುಟುಂಬದ ಸಿಬಿಲ್ ಬೆಡಿಂಗ್‌ಫೀಲ್ಡ್ ಮತ್ತು ಇಬ್ಬರು ಸಂಬಂಧಿ ಹೆಂಗಸರು ತಮ್ಮ ಸ್ವಂತ ಮನೆಗಳನ್ನು ಮಾರಿ ಅದನ್ನು ಮರಳಿ ಕೊಂಡರು. 1952ರಲ್ಲಿ ಅದನ್ನು ಹಳೇ ಕಟ್ಟಡಗಳನ್ನು ಕಾಪಾಡುವ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ಗೆ ಕೊಟ್ಟರು. ಈಗ ಯಾರು ಬೇಕಾದರೂ ಟಿಕೆಟ್ ತಗೊಂಡು, ಕಂದಕದ ಸೇತುವೆ ದಾಟಿ ಒಳಗೆ ಹೋಗಬಹುದು.