ಹಿಟ್ಲರ್ ಪಾಠವನ್ನು ಗ್ಯಾಸ್ ಚೇಂಬರಿನಿಂದ ಶುರು ಮಾಡಬೇಡಿ

ಹೈಸ್ಕೂಲಿನಲ್ಲಿ ನಾಜಿಗಳ ಪಾಠ ಬಂದಾಗಲೆಲ್ಲ ಯಾರಾದರೂ ಒಬ್ಬರು ಕೈ ಎತ್ತಿ ಕೇಳುತ್ತಾರೆ: “ಮಿಸ್, ಹಿಟ್ಲರ್ ಕೆಟ್ಟವನೇ ಇರಬಹುದು. ಆದ್ರೆ ದೇಶನ ಸ್ಟ್ರಾಂಗ್ ಮಾಡಿದ ಅಲ್ವಾ?” ಈ ಪ್ರಶ್ನೆ ಕೇಳಿದ ಮಗುವನ್ನು ಗದರಿಸಿ ಕೂರಿಸಬೇಡಿ ಅಂತ ಹೊಸ ಶಿಕ್ಷಕರಿಗೆ ಯಾವಾಗಲೂ ಹೇಳುತ್ತೇನೆ. ಅದು ಮನೆಯಲ್ಲೋ ವಾಟ್ಸಾಪಿನಲ್ಲೋ ಕೇಳಿದ ಮಾತು. ಅದಕ್ಕೆ ಉತ್ತರ ಇದೆ, ಕೊಡೋಣ. ನಿರುದ್ಯೋಗ ಇಳಿದದ್ದು ನಿಜ. ಆದರೆ ಆ ಕೆಲಸದಲ್ಲಿ ದೊಡ್ಡ ಪಾಲು ಯುದ್ಧದ ತಯಾರಿಯದ್ದು. 1933ರ ಏಪ್ರಿಲ್ 7ರ ಕಾನೂನು ಯಹೂದಿ ಸರ್ಕಾರಿ ನೌಕರರನ್ನು, ಪ್ರೊಫೆಸರ್‌ಗಳನ್ನು ಮನೆಗೆ ಕಳಿಸಿತು. ಅವರು ಬಿಟ್ಟ ಕುರ್ಚಿಗಳಲ್ಲಿ ಬೇರೆಯವರು ಕೂತರು.

ಇಲ್ಲಿಂದಲೇ ಪಾಠ ಶುರು ಮಾಡುವುದು ಒಳ್ಳೆಯದು. 60 ಲಕ್ಷ ಯಹೂದಿಗಳ ಸಾವು ಅಂತ ಮೊದಲೇ ಹೇಳಿದರೆ ಮಕ್ಕಳು ಬೆಚ್ಚಿಬೀಳುತ್ತಾರೆ, ಆಮೇಲೆ ನೋಟ್ಸ್ ಬರೆದುಕೊಳ್ಳುತ್ತಾರೆ, ಅಷ್ಟೇ. ಹೆಣಗಳ ರಾಶಿಯ ಫೋಟೋ ನಾನು ತೋರಿಸುವುದಿಲ್ಲ. ಬದಲಿಗೆ ಆದೇಶಗಳನ್ನು ಚೀಟಿಗಳಲ್ಲಿ ಬರೆದು ಹಂಚುತ್ತೇನೆ. 1935ರ ನ್ಯೂರೆಂಬರ್ಗ್ ಕಾನೂನು: ಯಹೂದಿಗಳು ಇನ್ನು ಈ ದೇಶದ ಪೂರ್ಣ ಪ್ರಜೆಗಳಲ್ಲ, ಇತರ ಜರ್ಮನ್ನರನ್ನು ಮದುವೆಯಾಗುವಂತಿಲ್ಲ. 1938ರ ಆಗಸ್ಟ್: ಯಹೂದಿ ಅಂತ ಗೊತ್ತಾಗುವ ಹೆಸರು ಇಲ್ಲದಿದ್ದರೆ ಗಂಡಸರು ಹೆಸರಿಗೆ ‘ಇಸ್ರೇಲ್’ ಅಂತ, ಹೆಂಗಸರು ‘ಸಾರಾ’ ಅಂತ ಸೇರಿಸಿಕೊಳ್ಳಬೇಕು. 1938ರ ನವೆಂಬರ್ 15: ಯಹೂದಿ ಮಕ್ಕಳು ಸರ್ಕಾರಿ ಶಾಲೆಗೆ ಬರುವಂತಿಲ್ಲ. 1939ರ ಸೆಪ್ಟೆಂಬರ್: ರೇಡಿಯೋ ತಂದೊಪ್ಪಿಸಿ. 1941ರ ಸೆಪ್ಟೆಂಬರ್: ಬಟ್ಟೆಯ ಮೇಲೆ ಹಳದಿ ನಕ್ಷತ್ರ. 1942: ನಾಯಿ, ಬೆಕ್ಕು, ಹಕ್ಕಿ ಸಾಕುವಂತಿಲ್ಲ.

ಮಕ್ಕಳು ಚೀಟಿಗಳನ್ನು ವರ್ಷದ ಪ್ರಕಾರ ಜೋಡಿಸಿದ ಮೇಲೆ ಒಂದೇ ಪ್ರಶ್ನೆ: ಈ ಆದೇಶ ಜಾರಿಯಾಗಬೇಕಾದರೆ ಯಾರ್ಯಾರು ಕೆಲಸ ಮಾಡಬೇಕು? ಶಾಲೆಯ ಚೀಟಿ ಸಿಕ್ಕ ಗುಂಪು ಬೇಗ ಪಟ್ಟಿ ಮಾಡುತ್ತದೆ. ಹೆಡ್‌ಮಾಸ್ಟರ್. ಹಾಜರಿ ಪುಸ್ತಕದಲ್ಲಿ ಹೆಸರು ಹೊಡೆದುಹಾಕುವ ಟೀಚರ್. ಆಫೀಸಿನ ಗುಮಾಸ್ತ. ಆಮೇಲೆ ಯಾರೋ ಮೆಲ್ಲಗೆ ಸೇರಿಸುತ್ತಾರೆ: ಪಕ್ಕದ ಬೆಂಚಿನ ಫ್ರೆಂಡ್. ಹಿಟ್ಲರ್ ಒಬ್ಬನೇ ಮಾಡಿದ್ದು ಅನ್ನುವ ಮಾತು ಅಲ್ಲಿಗೆ ನಿಲ್ಲುತ್ತದೆ.

“ಅವರು ಬೇರೆ ದೇಶಕ್ಕೆ ಹೋಗಬಹುದಿತ್ತಲ್ಲ?” ಅನ್ನುವ ಪ್ರಶ್ನೆಯೂ ಬಂದೇ ಬರುತ್ತದೆ. 1938ರ ಜುಲೈನಲ್ಲಿ ಫ್ರಾನ್ಸಿನ ಎವಿಯಾನ್‌ನಲ್ಲಿ 32 ದೇಶಗಳು ಇದಕ್ಕೇ ಸಭೆ ಸೇರಿದವು. ಮರುಕ ಎಲ್ಲರಿಗೂ ಇತ್ತು, ಬಾಗಿಲು ತೆರೆದವರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಮರುವರ್ಷ 900ಕ್ಕೂ ಹೆಚ್ಚು ಯಹೂದಿಗಳಿದ್ದ ಸೇಂಟ್ ಲೂಯಿಸ್ ಹಡಗನ್ನು ಕ್ಯೂಬಾ ಮತ್ತು ಅಮೆರಿಕ ಎರಡೂ ಒಳಗೆ ಬಿಡಲಿಲ್ಲ. ಹಡಗು ಯುರೋಪಿಗೆ ವಾಪಸಾಯಿತು. ಹಾಗೆ ವಾಪಸಾದವರಲ್ಲಿ 254 ಮಂದಿ ಮುಂದೆ ನಾಜಿಗಳ ಕೈಯಲ್ಲಿ ಸತ್ತರು.

ಒಂದು ಪೀರಿಯಡ್ ಸಿಕ್ಕರೆ 600 ವರ್ಷ ಹಿಂದಕ್ಕೂ ಹೋಗಿ. 1348ರಲ್ಲಿ ಯುರೋಪಿನಲ್ಲಿ ಪ್ಲೇಗ್ ಹರಡಿದಾಗ, ಯಹೂದಿಗಳು ಬಾವಿಗೆ ವಿಷ ಹಾಕಿದ್ದಾರೆ ಅಂತ ಸುದ್ದಿ ಎದ್ದಿತು. ಅವರೂ ಅದೇ ರೋಗದಿಂದ ಸಾಯುತ್ತಿದ್ದಾರಲ್ಲ ಅಂತ ಪೋಪ್ ಆರನೇ ಕ್ಲೆಮೆಂಟ್ ಹೇಳಿದ. ಯಾರೂ ಕೇಳಲಿಲ್ಲ. ಸ್ಟ್ರಾಸ್‌ಬೂರ್ಗ್ ಊರಿನ ಆಡಳಿತ ಯಹೂದಿಗಳ ಪರ ನಿಂತಿತ್ತು. ಜನ ಆ ಆಡಳಿತವನ್ನೇ ಕಿತ್ತುಹಾಕಿ, 1349ರ ಫೆಬ್ರವರಿ 14ರಂದು ಯಹೂದಿಗಳನ್ನು ಸುಟ್ಟರು. ಅವರಿಂದ ಪಡೆದ ಸಾಲಗಳೂ ಅದರ ಜೊತೆಗೆ ರದ್ದಾದವು. ಸಾಲದ ವಿಷಯವನ್ನು ದಯವಿಟ್ಟು ಬಿಡಬೇಡಿ. ದ್ವೇಷದಿಂದ ಯಾರ ಜೇಬು ತುಂಬಿತು ಅಂತ ಹುಡುಕುವುದನ್ನು ಮಕ್ಕಳು ಕಲಿಯಲೇಬೇಕು.

ಸಹನೆಯ ಕಥೆಗೆ ನಾನು ಡೆನ್ಮಾರ್ಕನ್ನು ಆರಿಸಿಕೊಳ್ಳುತ್ತೇನೆ. ಆಗ ಆ ದೇಶ ಜರ್ಮನಿಯ ವಶದಲ್ಲಿತ್ತು. 1943ರಲ್ಲಿ ಅಲ್ಲಿನ ಯಹೂದಿಗಳನ್ನು ಬಂಧಿಸುವ ನಾಜಿಗಳ ಯೋಜನೆಯನ್ನು ಮೊದಲೇ ಹೊರಗೆ ತಿಳಿಸಿದವನು ಒಬ್ಬ ಜರ್ಮನ್ ಅಧಿಕಾರಿ, ಗೆಯೋರ್ಗ್ ಡುಕ್‌ವಿಟ್ಸ್. ಅಕ್ಟೋಬರಿನಲ್ಲಿ ಸುಮಾರು 7,000 ಯಹೂದಿಗಳು ಮೀನುಗಾರರ ದೋಣಿಗಳಲ್ಲಿ ಸ್ವೀಡನ್ ಸೇರಿದರು. ಎಷ್ಟೋ ಮೀನುಗಾರರು ಇದಕ್ಕೆ ದುಡ್ಡು ತೆಗೆದುಕೊಂಡರು, ಕೆಲವರು ಜಾಸ್ತಿಯೇ ತೆಗೆದುಕೊಂಡರು. ಇದನ್ನು ಮುಚ್ಚಿಡಬಾರದು. “ಹಾಗಾದ್ರೆ ಅವರು ಒಳ್ಳೆಯವರಾ?” ಅಂತ ತರಗತಿ ಎರಡು ಪಾಲಾಗಿ ವಾದಕ್ಕೆ ಬೀಳುತ್ತದೆ. ಆ ವಾದವನ್ನು ನಡುವೆ ನಿಲ್ಲಿಸಬೇಡಿ.

ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ ಕ್ಯಾಂಪಿನ ನಾಟಕ ಮಾತ್ರ ಆಡಿಸಲೇಬೇಡಿ. ಒಬ್ಬನನ್ನು ಸೈನಿಕ, ಇನ್ನೊಬ್ಬಳನ್ನು ಕೈದಿ ಮಾಡಿದರೆ ಕೆಲವರಿಗೆ ಅದು ಆಟ, ಕೆಲವರಿಗೆ ನಿಜವಾದ ನೋವು. ಹಾಗೇ, ಯಹೂದಿಗಳು ಅಂದರೆ ಬರೀ ಸತ್ತವರು ಅನ್ನುವ ಭಾವನೆಯೂ ಉಳಿಯಬಾರದು. ನಮ್ಮ ಶಾಲೆಗಳಿಂದ ಕೊಚ್ಚಿಗೆ ಪ್ರವಾಸ ಹೋಗುವವರು ಜಾಸ್ತಿ. ಮಟ್ಟಾಂಚೇರಿಯಲ್ಲಿ 1568ರ ಪರದೇಶಿ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ರಾಜನ ಅರಮನೆಗೆ ಅಂಟಿಕೊಂಡೇ ಇದೆ. ಜಾಗ ಕೊಟ್ಟವನು ಕೊಚ್ಚಿಯ ರಾಜ. 1662ರಲ್ಲಿ ಅದನ್ನು ಹಾಳು ಮಾಡಿದವರು ಪೋರ್ಚುಗೀಸರು, ಡಚ್ಚರು ಬಂದ ಮೇಲೆ ಅದು ಮತ್ತೆ ಎದ್ದಿತು. ಇಸ್ರೇಲ್ ಹುಟ್ಟಿದ ಮೇಲೆ ಕೊಚ್ಚಿಯ ಯಹೂದಿಗಳಲ್ಲಿ ಬಹುಪಾಲು ಜನ ಅಲ್ಲಿಗೆ ಹೋದರು, ಯಾರೂ ಓಡಿಸದೆ. ಅಲ್ಲಿ ಸುಮ್ನೆ ಫೋಟೋ ತೆಗೆಸಿ ವಾಪಸ್ ಬರಬೇಡಿ. ರಾಜ, ಪೋರ್ಚುಗೀಸರು, ಡಚ್ಚರು: ಆಳುವವರು ಬದಲಾದಾಗಲೆಲ್ಲ ಆ ಕಟ್ಟಡಕ್ಕೆ ಏನಾಯಿತು ಅಂತ ಮಕ್ಕಳೇ ಬರೆದು ತರಲಿ.