‘ಇದೇನಪ್ಪಾ’ ಹಾವಸೆ ಮತ್ತು ಅದರ ಸಿಕ್ಕಿಂ ಅಕ್ಕ

ಜಪಾನಿನಲ್ಲಿ ಒಂದು ಹಾವಸೆಗೆ ‘ನಂಜಾಮೊಂಜಾ ಗೊಕೆ’ ಅಂತ ಹೆಸರು. ಹೆಚ್ಚುಕಮ್ಮಿ ‘ಇದೇನಪ್ಪಾ ಇದು’ ಹಾವಸೆ! ಹೆಸರಿಟ್ಟವರ ಪಜೀತಿ ಅರ್ಥವಾಗುತ್ತದೆ. ಗಿಡದ ಎತ್ತರ ಸುಮಾರು ಒಂದು ಸೆಂಟಿಮೀಟರ್. ಎಲೆ ಚಪ್ಪಟೆಯಾಗಿಲ್ಲ, ಬುಡದಲ್ಲೇ ಕವಲೊಡೆದ ದುಂಡು ಬೆರಳುಗಳ ಹಾಗಿದೆ. ನಮ್ಮ ಬಾವಿಕಟ್ಟೆಯ ಹಾವಸೆ ಕಲ್ಲು ಹಿಡಿದುಕೊಳ್ಳುವ ಬೇರಿನಂಥ ಕೂದಲೂ ಇದಕ್ಕಿಲ್ಲ.

1950ರ ದಶಕದಲ್ಲಿ ಜಪಾನಿನ ಸಸ್ಯವಿಜ್ಞಾನಿ ನೊರಿವೊ ತಕಾಕಿ ಇದನ್ನು ಬೆಟ್ಟದಿಂದ ತಂದರು. 1958ರಲ್ಲಿ ‘ತಕಾಕಿಯಾ ಲೆಪಿಡೋಜಿಯಾಯ್ಡಿಸ್’ ಎಂದು ನಾಮಕರಣವಾಯಿತು. ಹೊಚ್ಚ ಹೊಸ ಜಾತಿ ಅಂದುಕೊಂಡರೆ, ಇದರ ಅಕ್ಕ ಆಗಲೇ ಒಣಗಿದ ಮಾದರಿಯಾಗಿ ಕೂತಿದ್ದಳು. ಸಿಕ್ಕಿಂನಿಂದ ಬಂದ ಅದಕ್ಕೆ ಇಂಗ್ಲಿಷ್ ಸಸ್ಯತಜ್ಞ ವಿಲಿಯಂ ಮಿಟನ್ 1860ರ ಸುಮಾರಿಗೇ ಹೆಸರಿಟ್ಟಿದ್ದರು, ಲಿವರ್‌ವರ್ಟ್ ಎಂಬ ಬೇರೆ ಗುಂಪಿನ ಗಿಡವೆಂದುಕೊಂಡು. ಸಂಬಂಧ ಬೆಳಕಿಗೆ ಬಂದದ್ದು 1963ರಲ್ಲಿ. ಈಗ ಅದು ತಕಾಕಿಯಾ ಸೆರಟೋಫಿಲ್ಲಾ, ಅಂದರೆ ಕೊಂಬಿನಂಥ ಎಲೆಯದು. ಇಡೀ ಕುಲದಲ್ಲಿ ಇರುವುದು ಇವೆರಡೇ.

ತಂಗಿಯನ್ನೂ ಜನ ಲಿವರ್‌ವರ್ಟ್ ಗುಂಪಿಗೇ ತಳ್ಳಿದ್ದರು. ಗುರುತು ಹಿಡಿಯಲು ಬೀಜಕದ ಕಾಯಿ ಬೇಕು, ಅದೇ ಯಾರಿಗೂ ಸಿಕ್ಕಿರಲಿಲ್ಲ. ಕೊನೆಗೆ ಅಲಾಸ್ಕಾದ ಅಲ್ಯೂಷಿಯನ್ ದ್ವೀಪಗಳಲ್ಲಿ ಅಕ್ಕನ ಮೇಲೆ ಕಾಯಿ ಕಂಡಿತು. ಒಂದೇ ಸೀಳು, ಅದೂ ಹಗ್ಗ ಹೊಸೆದ ಹಾಗೆ ತಿರುಚಿಕೊಂಡು ಬಾಯಿಬಿಡುತ್ತದೆ. 1993ರಲ್ಲಿ ಸ್ಮಿತ್ ಮತ್ತು ಡೇವಿಸನ್ ಇದು ಹಾವಸೆಯೇ ಎಂದು ಬರೆದರು. ನೂರಮೂವತ್ತು ವರ್ಷ ಬೇಕಾಯಿತು, ಅಲ್ವಾ!

ಇಬ್ಬರಿಗೂ ಈಗ ಗಂಡಾಂತರ, ಆದರೆ ಲೆಕ್ಕ ಬೇರೆ ಬೇರೆ. ಐಯುಸಿಎನ್ ಎಂಬ ಪ್ರಕೃತಿ ಸಂರಕ್ಷಣಾ ಸಂಸ್ಥೆಯ ಕೆಂಪು ಪಟ್ಟಿಯಲ್ಲಿ ‘ಅಪಾಯಕ್ಕೆ ಈಡಾಗಬಲ್ಲದು’ ಎಂಬ ಹಣೆಪಟ್ಟಿ ಅಕ್ಕನಿಗಿದೆ. ಕರಗುತ್ತಿರುವುದನ್ನು ಅಳೆದು ನೋಡಿದ್ದು ಮಾತ್ರ ತಂಗಿಯನ್ನು. ನನಗೆ ಜಾಸ್ತಿ ಭಯ ಹುಟ್ಟಿಸುವುದೂ ಈ ಅಳತೆಯೇ.

ಟಿಬೆಟ್‌ನಲ್ಲಿ 4,000 ಮೀಟರ್‌ಗೂ ಮೇಲೆ ತಂಗಿ ವರ್ಷಕ್ಕೆ ಎಂಟು ತಿಂಗಳು ಹಿಮದಡಿ ಮಲಗಿರುತ್ತಾಳೆ. ಚೀನಾ ಮತ್ತು ಜರ್ಮನಿಯ ವಿಜ್ಞಾನಿಗಳು 2010ರಿಂದ 18 ಸಲ ಅಲ್ಲಿಗೆ ಹತ್ತಿದರು. ಅವಳು ಹರಡಿದ್ದ ಜಾಗ ವರ್ಷಕ್ಕೆ ಸುಮಾರು ಶೇ. 1.6ರಷ್ಟು ಕುಗ್ಗುತ್ತಿತ್ತು. ತಕಾಕಿಯಾ ವಂಶಕ್ಕೆ 39 ಕೋಟಿ ವರ್ಷ. ಹಿಮಾಲಯ ಎದ್ದಾಗ ಅದರ ಜೊತೆಗೇ ಮೇಲೇರಿ, ಸುಡುವ ನೇರಳಾತೀತ ಬಿಸಿಲಿಗೂ ಒಗ್ಗಿಕೊಂಡಿತು. ವೇಗವಾಗಿ ಬದಲಾಗುವ ವಂಶವಾಹಿಗಳು ಇದರಲ್ಲಿ ಬೇಕಾದಷ್ಟಿವೆ ಎಂದು 2023ರ ಅಧ್ಯಯನ ತೋರಿಸಿತು. ಆದರೆ ಆ ‘ವೇಗ’ ಲಕ್ಷಾಂತರ ವರ್ಷಗಳ ಲೆಕ್ಕದ್ದು. ಬಿಸಿಯೇರುತ್ತಿರುವುದು ದಶಕಗಳ ಲೆಕ್ಕದಲ್ಲಿ.

ಅದೇ ತಂಡ ಲ್ಯಾಬ್‌ನಲ್ಲಿ ಸಸಿ ಹೆಚ್ಚಿಸಿ ಟಿಬೆಟ್‌ನಲ್ಲಿ ನೆಟ್ಟಿತು. ಐದು ವರ್ಷದ ನಂತರವೂ ಕೆಲವು ಹಸಿರಾಗಿಯೇ ಇದ್ದವು.